ಟೋಚನ್ ಗಾಡಿಯ ಎವರೇಜ್

ನಮ್ಮ ಕಡೆ ಒಂದು ಗಾಡಿ ಲೀಟರ್ ಎಣ್ಣೆಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದಕ್ಕೆ ಎವರೇಜ್ ಎನ್ನುತ್ತಾರೆ. ಮೋಟಾರ್‌ಸೈಕಲ್ ಇರಲಿ, ಹತ್ತು ಗಾಲಿಯ ಲಾರಿ ಇರಲಿ, ಚಹಾದಂಗಡಿಯಲ್ಲಿ ಇಬ್ಬರು ಕೂತರೆ ಮೊದಲ ಪ್ರಶ್ನೆ ಎವರೇಜಿನದು, ಮೊದಲ ಸುಳ್ಳೂ ಎವರೇಜಿನದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ. ಈ ಸುಳ್ಳುಗಳನ್ನು ಕೇಳಿ ಕೇಳಿ ತಲೆ ಕೆಟ್ಟು, ಒಂದು ಹಂಗಾಮಿನಲ್ಲಿ ನಾನೇ ಒಂದು ಗಾಡಿಯ ಖರೇ ಎವರೇಜ್ ಅಳೆಯಲು ಹೊರಟೆ. ಕೊನೆಗೆ ಎಲ್ಲರಿಗಿಂತ ದೊಡ್ಡ ಸುಳ್ಳನ್ನು ಬರೆದವನು ನಾನೇ ಆದೆ.

ಆ ಗಾಡಿ ನಮ್ಮ ದಾಜಿಯದು. ದಾಜಿ ಎಂದರೆ ನನ್ನ ಅಕ್ಕನ ಗಂಡ. ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಭಾರೀ ಲಾರಿಯೊಂದನ್ನು ಅವರು ತಂದು, ಹಿಂದೆ ರೋಪ್ ಸುತ್ತಿ ಎಳೆಯುವ ವಿಂಚು ಕೂಡಿಸಿ, ಅಂಕಲಿಯ ರಸ್ತೆಯ ಬದಿಗೆ ನಿಲ್ಲಿಸಿಕೊಂಡಿದ್ದರು. ಕೆಲಸ ಟೋಚನ್ ಮಾಡುವುದು: ಕಬ್ಬು ಹೇರಿಕೊಂಡು ಹೊಲದಲ್ಲಿ ಹೂತುಹೋದ ಟ್ರ್ಯಾಕ್ಟರ್, ಏರಿನಲ್ಲಿ ಗೇರ್‌ಬಾಕ್ಸ್ ಕೈಕೊಟ್ಟ ಲಾರಿ, ಕಾಲುವೆಗೆ ವಾಲಿದ ಟ್ರೇಲರ್, ಯಾವುದಿದ್ದರೂ ವಾಯರ್ ರೋಪ್ ಕಟ್ಟಿ ಎಳೆದು ಹಾದಿಗೆ ಹಚ್ಚುವುದು. ಎರಡು ಸಾವಿರದ ಹತ್ತರ ಹಿಂದುಮುಂದಿನ ಆ ವರ್ಷಗಳಲ್ಲಿ ಅಥಣಿಯಿಂದ ಚಿಕ್ಕೋಡಿಯವರೆಗೆ, ಇತ್ತ ರಾಯಬಾಗದಿಂದ ಕಾಗವಾಡದವರೆಗೆ, ಕಬ್ಬಿನ ಗಾಡಿ ಸಿಕ್ಕಿಬಿದ್ದಿತೆಂದರೆ ಜನ ದಾಜಿಗೆ ಫೋನ್ ಹಚ್ಚುತ್ತಿದ್ದರು. ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬುದ್ಧನ ಸಣ್ಣ ಮೂರ್ತಿ, ಅದರ ಪಕ್ಕ ಒಂದು ಸ್ಪ್ಯಾನರ್. ಎರಡನ್ನೂ ದಿನಾ ಒರೆಸುತ್ತಿದ್ದರು.

ಅಕ್ಕನಿಗೆ ಆ ಗಾಡಿ ಸಾಕಾಗಿತ್ತು. ಬಿಡಿಭಾಗ ಸಿಗುವುದಿಲ್ಲ, ದಾಜಿಯ ಬೆನ್ನು ಮೊದಲಿನಂತಿಲ್ಲ, ಯಾವಾಗ ಕರೆ ಬರುತ್ತದೋ ಗೊತ್ತಿಲ್ಲ. ನಿಪ್ಪಾಣಿಯ ಗುಜರಿಯವನು ಎರಡು ಸಲ ಬಂದು ಗಾಡಿಯ ಸುತ್ತ ತಿರುಗಿ, ಗಾಲಿಗೆ ಒದ್ದು ನೋಡಿ ಹೋಗಿದ್ದ. ಆ ವರ್ಷ ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯವರು, ಸಂಕ್ರಾಂತಿಯ ನಂತರದ ಹಂಗಾಮಿಗೆ ಒಂದೇ ಒಂದು ಟೋಚನ್ ಗಾಡಿಯನ್ನು ಚೀಟಿ ಬರೆದುಕೊಟ್ಟು ಕಾಯಂ ಗೊತ್ತು ಮಾಡುತ್ತೇವೆ, ಡೀಸೆಲ್ ನಾವೇ ಹಾಕುತ್ತೇವೆ, ಬೇಕಾದವರು ಎವರೇಜ್ ಬರೆದು ಕೊಡಿ ಎಂದು ಸಾರಿದರು. ಆಗ ಅಕ್ಕ ಊಟಕ್ಕೆ ಬಡಿಸುತ್ತಲೇ ತೀರ್ಪು ಕೊಟ್ಟಳು.

"ಕಾರ್ಖಾನಿ ಚೀಟಿ ಸಿಕ್ರ ಗಾಡಿ ಇಟ್ಕೋರಿ. ಸಿಗಲಿಲ್ಲಂದ್ರ ನಿಪ್ಪಾಣಿಯಾಂವಗ ಕೊಟ್ಟಬಿಡ್ರಿ. ನಾ ಮತ್ತ ಈ ಮಾತ ಎತ್ತಾಂಗಿಲ್ಲ."

ದಾಜಿ ರೊಟ್ಟಿ ಮುರಿಯುತ್ತಾ, "ಆತು" ಎಂದರು. ಅಷ್ಟೇ. ಅವರು ಆತು ಎಂದರೆ ಆಯಿತು, ಹಿಂದೆ ಸರಿಯುವ ಪೈಕಿ ಅಲ್ಲ. ಆದರೆ ಅವರ ಕೈಯಲ್ಲಿದ್ದ ರೊಟ್ಟಿಯ ತುಣುಕು ಬಹಳ ಹೊತ್ತು ಪಲ್ಯದಲ್ಲೇ ಉಳಿಯಿತು. ಆ ಗಾಡಿ ಇಲ್ಲದ ದಾಜಿಯನ್ನು ನನಗೆ ಊಹಿಸಲು ಆಗಲಿಲ್ಲ. ಇನ್ನೊಬ್ಬರ ಗಾಡಿಗೆ ಡ್ರೈವರ್ ಆಗಿ ಹೋಗುವುದು ಅವರಿಂದ ಆಗದ ಮಾತು.

"ಎವರೇಜ್ ನಾ ಅಳೀತೀನಿ ದಾಜಿ. ಒಂದ ಹನಿ ಹೆಚ್ಚುಕಡಿಮಿ ಆಗಾಂಗಿಲ್ಲ," ಎಂದು ನಾನು ಎದೆ ತಟ್ಟಿಕೊಂಡೆ.

"ಅಳೀಪಾ, ಮಾಸ್ತರ," ಎಂದು ಅವರು ನಕ್ಕರು. "ಈ ಗಾಡಿ ಬಾಳ ಕುಡೀತೈತಿ, ಮೊದಲ ಹೇಳತೀನಿ. ಆಮ್ಯಾಲ ನಿನ್ನ ಸೈನ್ಸ್ ಮ್ಯಾಲ ಸಿಟ್ಟಿಗೇಳಬ್ಯಾಡ."

ದೀಪಾವಳಿಯ ಸೂಟಿಯಲ್ಲಿ ಕೆಲಸ ಶುರು ಮಾಡಿದೆ. ಮೊದಲನೆಯ ತೊಂದರೆ, ಗಾಡಿಯ ಮೀಟರ್ ಸತ್ತು ಯಾವ ಕಾಲವಾಗಿತ್ತೋ. ಅದಕ್ಕೆ ನನ್ನ ಮೋಟಾರ್‌ಸೈಕಲ್ ಮೇಲೆ ಎಲ್ಲ ಹಾದಿಗಳನ್ನೂ ಒಂದು ಸಲ ತಿರುಗಿ, ಯಾವ ಊರಿಗೆ ಎಷ್ಟು ದೂರ ಎಂಬ ಪಟ್ಟಿ ಮಾಡಿಕೊಂಡೆ. ಕಾಗವಾಡದ ಆಚೆ ಮೈಲಿಗಲ್ಲುಗಳ ಮೇಲೆ ಮರಾಠಿ ಅಂಕಿ, ಅದನ್ನೂ ಇಳಿಸಿಕೊಂಡೆ. ಎರಡನೆಯ ತೊಂದರೆ ಟ್ಯಾಂಕಿನದು. ಒಂದು ದಿನ ಗಾಡಿಯನ್ನು ಮಟ್ಟಸ ನೆಲದ ಮೇಲೆ ನಿಲ್ಲಿಸಿ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದೆ. ತಿಂಗಳೊಪ್ಪತ್ತು ಆದ ಮೇಲೆ ಅದೇ ಜಾಗದಲ್ಲಿ ಮತ್ತೆ ಕಂಠಮಟ್ಟ ತುಂಬಿಸಿದರಾಯಿತು. ನಡುವೆ ಹಾಕಿದ ಡೀಸೆಲ್ ಎಷ್ಟೋ, ಗಾಡಿ ಕುಡಿದದ್ದೂ ಅಷ್ಟೇ. ಅಂದರೆ ಹಾಕಿದ್ದನ್ನು ಹಾಕಿದ ಹಾಗೆ ವಹಿಯಲ್ಲಿ ಬರೆಯುವುದೊಂದೇ ಕೆಲಸ. ಐದನೆಯ ಇಯತ್ತೆಯ ಲೆಕ್ಕ.

ಶಾಲೆಯ ನಂತರ, ರವಿವಾರ, ಸೂಟಿಯ ದಿನ, ನಾನು ದಾಜಿಯ ಪಕ್ಕದ ಸೀಟಿನಲ್ಲಿ ಇರುತ್ತಿದ್ದೆ. ಅಲ್ಲಿಯವರೆಗೆ ನನಗೆ ದಾಜಿ ಎಂದರೆ ಕಡಿಮೆ ಮಾತಿನ, ಗ್ರೀಸ್ ವಾಸನೆಯ ಒಬ್ಬ ಸಂಬಂಧಿಕ. ಆ ಸೀಟಿನಲ್ಲಿ ಕೂತ ಮೇಲೆ ಅವರು ಏನೆಂದು ಗೊತ್ತಾಯಿತು. ಸಿಕ್ಕಿಬಿದ್ದ ಗಾಡಿಯ ಹತ್ತಿರ ಹೋದ ಕೂಡಲೇ ರೋಪ್ ಕಟ್ಟುವ ಮನುಷ್ಯ ಅಲ್ಲ ಅವರು. ಮೊದಲು ಚಪ್ಪಲಿ ಬಿಟ್ಟು ಕೆಸರಿನಲ್ಲಿ ಇಳಿದು ಸುತ್ತು ಹಾಕುವರು. ಗಾಲಿಯ ಕೆಳಗಿನ ಎರೆಮಣ್ಣನ್ನು ಹಿಡಿಯಲ್ಲಿ ತೆಗೆದು ಹಿಚುಕುವರು. ಯಾವ ಗಾಲಿ ಎಷ್ಟು ಇಳಿದಿದೆ, ಭಾರ ಯಾವ ಮಗ್ಗುಲಿಗಿದೆ ಎಂದು ನೋಡಿ, ಕಬ್ಬಿನ ಸೋಗೆಯನ್ನು ಎಲ್ಲಿ ತುಂಬಬೇಕೋ ಅಲ್ಲಿ ತಾವೇ ತುಂಬುವರು. ಆಮೇಲೆ ರೋಪ್. ರೋಪ್ ಕಟ್ಟಿದ ಮೇಲೂ ಅವಸರವಿಲ್ಲ. ಸಡಿಲವೆಲ್ಲ ಹೋಗಿ ರೋಪ್ ಬಿಗಿಯಾಗುವ ತನಕ ಗಾಡಿಯನ್ನು ಗೇಣು ಗೇಣು ಮುಂದೆ ತರುವರು. ಮತ್ತೆ ಎಳೆತ. ಜರ್ಕ್ ಎಂಬುದೇ ಇಲ್ಲ. ಹೂತ ಟ್ರ್ಯಾಕ್ಟರ್ ನಿದ್ದೆಯಿಂದ ಎದ್ದವರ ಹಾಗೆ ತನ್ನಷ್ಟಕ್ಕೆ ತಾನು ಹೊರಗೆ ಬರುತ್ತಿತ್ತು.

"ಎಕ್ಸಲೇಟರ್ ಒತ್ತಿದ್ರ ಎಂಜಿನ್ ಒದರತೈತಿ, ಗಾಡಿ ಬರಾಂಗಿಲ್ಲ," ಎಂದು ಒಮ್ಮೆ ಹೇಳಿದರು. "ಒದರೂದಕ್ಕೂ ಡಿಸೇಲ್ ಬೇಕಲ್ಲ, ಮಾಸ್ತರ." ನನ್ನ ಸ್ವಭಾವಕ್ಕೂ ಸೇರಿಸಿ ಹೇಳಿದರೋ ಏನೋ.

ನಾಲ್ಕು ಹೆಜ್ಜೆ ಎಳೆಯಲು ಒಂದು ತಾಸು ತಯಾರಿ ಮಾಡುವ ಆ ಕೈಗಳನ್ನು ನೋಡುತ್ತಾ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಹದಿನೈದು ವರ್ಷ ಮಕ್ಕಳಿಗೆ ಘರ್ಷಣೆಯ ಪಾಠ ಮಾಡಿದವನು ನಾನು. ಘರ್ಷಣೆ ಎಂದರೇನೆಂದು ಗೊತ್ತಿದ್ದವರು ಅವರು.

ಡೀಸೆಲ್ ಕೊಡುವುದರಲ್ಲೂ ಒಂದು ಪದ್ಧತಿ ಇತ್ತು. ಎಳೆಸಿಕೊಂಡವರು ಕೂಲಿಯ ಮಾತು ಆಮೇಲೆ ಆಡುವರು, ಮೊದಲು ಸುಟ್ಟಷ್ಟು ಎಣ್ಣೆಯನ್ನು ತಮ್ಮ ಟ್ಯಾಂಕಿನಿಂದಲೇ ತೆಗೆದು ಕೊಡುವರು. ದಾಜಿಯ ಹತ್ತಿರ ಗೆರೆ ಕೊರೆದ ಒಂದು ಬಿದಿರಿನ ಕೋಲು ಇತ್ತು. ಕೆಲಸಕ್ಕೆ ಮೊದಲು ಟ್ಯಾಂಕಿಗೆ ಇಳಿಸಿ ತೋರಿಸುವರು, ಮುಗಿದ ಮೇಲೆ ಮತ್ತೆ ತೋರಿಸುವರು. ಎರಡು ಗೆರೆ ಇಳಿದಿದ್ದರೆ ಎರಡು ಕ್ಯಾನ್, ಮೂರು ಇಳಿದಿದ್ದರೆ ಮೂರು. ಒಂದು ಕ್ಯಾನ್ ಎಂದರೆ ಐದು ಲೀಟರ್. ಯಾರೂ ತಕರಾರು ಮಾಡಿದ್ದನ್ನು ನಾನು ನೋಡಲಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ, ಸತ್ತಿಯಲ್ಲಿ ಹೊಳೆಯ ದಂಡೆಯ ಹೊಲವೊಂದರಿಂದ ಎರಡು ಟ್ರೇಲರ್ ಕಬ್ಬನ್ನು ಹೊರಗೆ ತಂದೆವು. ಹೊಲದ ಮಾಲಕಿ ಒಬ್ಬ ವಯಸ್ಸಾದ ಆಯಿ. ದಾಜಿ ಆಚೆ ರೋಪ್ ಸುತ್ತುತ್ತಿದ್ದರು. ನಾನು ಟ್ಯಾಂಕಿಗೆ ಲಾಳಿಕೆ ಹಿಡಿದು ನಿಂತಿದ್ದೆ. ಎರಡು ಕ್ಯಾನ್ ಹಾಕಿಸಿದ ಆಯಿ ಮೂರನೆಯ ಕ್ಯಾನನ್ನು ತಾನೇ ಎತ್ತಿ ಒಂದಿಷ್ಟು ಗಳಗಳ ಸುರಿದಳು.

"ಆಯೀ, ಎರಡ ಆತಲ್ಲಾ?" ಎಂದೆ.

"ಅದ ಅಳತಿ. ಇದ ಕೊಸರ," ಎಂದಳು. "ಕೊಸರ ಇಲ್ದ ಹೆಂಗ ಕೊಡೂದಪಾ? ಅಂವಗ ಹೇಳಬ್ಯಾಡ, ಒಲ್ಲೆ ಅಂತಾನ."

ಕೊಸರು ಗೊತ್ತಿಲ್ಲದವರು ಯಾರು? ಜೋಳ ಅಳೆದ ಮೇಲೆ ಒಂದು ಹಿಡಿ, ಹಾಲು ಅಳೆದ ಮೇಲೆ ಒಂದು ಗುಟುಕು. ಅಳತೆ ಮುಗಿದ ಮೇಲೆ ಪ್ರೀತಿಗೆ ಹಾಕುವುದು. ಅದನ್ನು ಲೆಕ್ಕಕ್ಕೆ ಹಿಡಿದರೆ ಕೊಟ್ಟವರಿಗೆ ಅವಮಾನ ಎಂದು ನಮ್ಮವ್ವ ಬೈಯುತ್ತಿದ್ದಳು. ನಾನು ವಹಿ ತೆಗೆದು ಹತ್ತು ಲೀಟರ್ ಎಂದು ಬರೆದೆ.

ಅವತ್ತು ಅದು ಬರೀ ರೂಢಿ. ಸುಳ್ಳು ಹೇಳುವುದಿಲ್ಲ, ಅದಾದ ಮೂರನೆಯ ದಿನಕ್ಕೆ ನನಗೆ ಗೊತ್ತಾಗಿತ್ತು. ಅಂಕಲಿಯಲ್ಲಿ ಕೊಸರು, ರಾಯಬಾಗದ ಹಾದಿಯಲ್ಲಿ ಕೊಸರು, ಕಾಗವಾಡದ ದ್ರಾಕ್ಷಿ ತೋಟದವನದಂತೂ ಅರ್ಧ ಕ್ಯಾನ್ ಕೊಸರು. ಎಲ್ಲರೂ ದಾಜಿ ಆಚೆ ಹೋಗುವುದನ್ನು ಕಾಯುವವರೇ. ಟ್ಯಾಂಕಿಗೆ ಬಿದ್ದದ್ದು ಹೆಚ್ಚು, ವಹಿಯಲ್ಲಿ ಏರಿದ್ದು ಕಡಿಮೆ. ಅಂದರೆ ಕಾಗದದ ಮೇಲೆ ಗಾಡಿ ಕಡಿಮೆ ಕುಡಿಯುತ್ತಿತ್ತು. ನಾನು ಪೆನ್ನು ಹಿಡಿದು ಒಂದು ಕ್ಷಣ ತಡೆದದ್ದು ನೆನಪಿದೆ. ಕೊಸರನ್ನು ಯಾರು ಬರೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಪ್ಪಾಣಿಯ ಗುಜರಿಯವನು ಗಾಲಿಗೆ ಒದ್ದದ್ದು ಕಣ್ಣ ಮುಂದೆ ಬಂತು. ಬರೆಯಲಿಲ್ಲ.

ಸಂಕ್ರಾಂತಿಗೆ ಸ್ವಲ್ಪ ಮೊದಲು ಟ್ಯಾಂಕನ್ನು ಮತ್ತೆ ಕಂಠಮಟ್ಟ ತುಂಬಿಸಿ, ಕೂಡಿಸಿ ಭಾಗಿಸಿದೆ. ಲೀಟರಿಗೆ ಮೂರು ಕಿಲೋಮೀಟರ್ ಬಂತು. ಅಂಥ ಗಾಡಿಗೆ, ಅಂಥ ಕೆಲಸಕ್ಕೆ, ಮೂರು ಎಂದರೆ ಬಂಗಾರ. ಚೆಂದನೆಯ ಅಕ್ಷರದಲ್ಲಿ ನಕಲು ತೆಗೆದು, ಶಾಲೆಗೆ ಹೋಗುವ ಹಾದಿಯಲ್ಲೇ ಕಾರ್ಖಾನೆಯ ಆಫೀಸಿಗೆ ಕೊಟ್ಟು, ಸಂಜೆ ಅಕ್ಕನ ಮನೆಗೆ ಹೋಗಿ ಸುದ್ದಿ ಮುಟ್ಟಿಸಿದೆ. ಅಕ್ಕ ಶಾವಿಗೆ ಪಾಯಸ ಮಾಡಿದಳು. ಗಾಡಿ ಮಾರಿ ಎಂದವಳೇ ಎಲ್ಲರಿಗಿಂತ ಹೆಚ್ಚು ಖುಷಿಯಾಗಿದ್ದಳು.

ದಾಜಿ ಎರಡು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಎಷ್ಟ ಅಂದಿ?"

"ಮೂರ್ರಿ, ದಾಜಿ."

"ಎರಡೂವರಿ ದಾಟಾಂಗಿಲ್ಲ ಅದು. ಇಪ್ಪತ್ತ ವರ್ಷ ಆತು ಅದರ ಹೊಟ್ಟಿ ನಾ ನೋಡಾಕತ್ತು. ಕೊಸರ ಬರದಿ ಇಲ್ಲೋ?"

ಅವರಿಗೆ ಕೊಸರು ಗೊತ್ತಿತ್ತು. ದಿನಾ ಮುಂಜಾನೆ ಕೋಲು ಇಳಿಸಿ ನೋಡುವ ಮನುಷ್ಯನಿಗೆ ಗೊತ್ತಾಗದೆ ಇರುತ್ತದೆಯೇ? ಮಾಸ್ತರ ಬರೆಯುತ್ತಿದ್ದಾನೆ ಎಂದು ನಂಬಿ ಸುಮ್ಮನಿದ್ದರು. ತಪ್ಪು ಸಿಕ್ಕಿದಾಗ ನಾನು ಮಾಡುವುದನ್ನೇ ಮಾಡಿದೆ: ಜಗಳಕ್ಕೆ ನಿಂತೆ.

"ಕೊಸರ ಯಾರರೆ ಬರೀತಾರೇನ್ರಿ? ನಾ ಸುಳ್ಳ ಬರದಿಲ್ಲ. ಅಳತಿ ಏನೈತೋ ಅದನ್ನಷ್ಟ ಬರದೇನಿ. ಉಳದವ್ರು ಬಾಯಿಗೆ ಬಂದಂಗ ನಾಕು, ಐದು ಅಂತ ಬರೀತಾರ. ನಾ ಮಾಡಿದ್ದು ಯಾರ ಸಲುವಾಗಿ? ಆ ಗಾಡಿ ಗುಜರಿಗೆ ಹೋಗೂದು ನಿಮಗ ಬೇಕಾಗೇತೇನು?"

ಅಕ್ಕ ಒಲೆಯ ಹತ್ತಿರವೇ ನಿಂತುಬಿಟ್ಟಳು. ದಾಜಿ ದನಿ ಏರಿಸಲಿಲ್ಲ. ಅವರು ದನಿ ಏರಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನಮ್ಮಪ್ಪ ಮಂದಿ ಹೊಲದಾಗ ದುಡದಾಂವ," ಎಂದರು. "ಸುಗ್ಗಿಗೆ ಕಾಳ ಅಳದ ಕೊಡತಿದ್ರು. ಉಳದವ್ರಿಗೆ ಸೇರ ತುಂಬಿ ಮ್ಯಾಲೊಂದ ಹಿಡಿ ಹಾಕತಿದ್ರು. ನಮ್ಮಪ್ಪನ ಪಾಳಿ ಬಂತಂದ್ರ ಸೇರಿನ ಮ್ಯಾಲ ಅಂಗೈ ಆಡಿಸಿ ಮಟ್ಟಸ ಮಾಡಿ, ದೂರದಿಂದ ಸುರೂತಿದ್ರು. ನಾ ಮಗ್ಗಲದಾಗ ನಿಂತ ನೋಡೇನಿ. ಕೊಸರ ಅಂದ್ರೇನು ಅಂತ ನಂಗ ಗೊತ್ತೈತಿ, ಮಾಸ್ತರ. ಈಗ ಅದ ಮಂದಿ ತಮ್ಮ ಕೈಯಾರೆ ನನ್ನ ಗಾಡಿಗೆ ಕೊಸರ ಹಾಕಾಕತ್ತಾರ. ಅವ್ರು ಕೊಟ್ಟದ್ದನ್ನ ನೀ ಕೊಟ್ಟಿಲ್ಲಂತ ಬರದಿ."

ಇಷ್ಟು ವರ್ಷ ಅವರ ಮನೆಯಲ್ಲಿ ಉಂಡವನು ನಾನು, ಈ ಮಾತನ್ನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಗೆ ಮತ್ತೆ ಸಿಟ್ಟು ಬಂತು. ಪಾಯಸ ಅರ್ಧಕ್ಕೆ ಬಿಟ್ಟು ಎದ್ದುಹೋದೆ.

ಮರುದಿನ ಮುಂಜಾನೆ ದಾಜಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಶಾಲೆಯ ಗೇಟಿಗೆ ಬಂದರು. ಹೆಡ್‌ಮಾಸ್ತರರ ಹತ್ತಿರ ಒಂದು ತಾಸು ರಜೆ ಕೇಳಿ ನಾನು ಅವರ ಬೆನ್ನ ಹಿಂದೆ ಕಾರ್ಖಾನೆಗೆ ಹೋದೆ. ಸಾರಿಗೆ ವಿಭಾಗದ ಸಾಹೇಬರು ನನ್ನ ಕಾಗದವನ್ನೇ ಮುಂದಿಟ್ಟುಕೊಂಡು ಕೂತಿದ್ದರು. ಎಲ್ಲರ ಕಾಗದಕ್ಕಿಂತ ಅದರ ಅಕ್ಷರ ಚೆನ್ನಾಗಿತ್ತು ಎಂಬುದು ನನಗೆ ಮುಳ್ಳಿನಂತೆ ಚುಚ್ಚಿತು.

"ಸಾಹೇಬ್ರ, ಆ ಕಾಗದದಾಗ ತಪ್ಪೈತ್ರಿ," ಎಂದರು ದಾಜಿ. "ಕೊಸರ ಹಾಕಿಸ್ಕೊಂಡಾಂವ ನಾ. ಬರದಿಲ್ಲ. ಗಾಡಿ ಮೂರ ಕೊಡಾಂಗಿಲ್ಲ."

ಸಾಹೇಬರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಯಾರು ಬರೆದದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ, ನನ್ನ ಮುಖದ ಮೇಲೆಯೇ ಇತ್ತು. ಕಾಗದ ಮಡಚಿ ಬದಿಗಿಟ್ಟು, ಇಂಥ ಕಾಗದ ಬಹಳ ಬಂದಿವೆ, ಉಳಿದಿರುವುದು ಎರಡೇ ಗಾಡಿ, ನಿಮ್ಮದು ಮತ್ತು ಇನ್ನೊಬ್ಬರ ಹೊಸ ಗಾಡಿ, ಎರಡನ್ನೂ ಒಂದೇ ಏರಿನಲ್ಲಿ ಎಳೆಸಿ ನಾನೇ ಅಳೆಯುತ್ತೇನೆ ಎಂದರು. ಹೊಸ ಗಾಡಿಯದು ಒಂದು ದಿನ ಮೊದಲು, ನಮ್ಮದು ಮರುದಿನ.

ನಮ್ಮ ದಿನ ಬಂತು. ಮಟ್ಟಸ ನೆಲದ ಮೇಲೆ ಟ್ಯಾಂಕ್ ಕಂಠಮಟ್ಟ ತುಂಬಿ, ಮುಚ್ಚಳಕ್ಕೆ ತಂತಿ ಬಿಗಿದು, ಅದರ ಮೇಲೆ ಕಾರ್ಖಾನೆಯ ಅರಗಿನ ಮುದ್ರೆ ಒತ್ತಿದರು. ಇನ್ನು ಕೊಸರು ಹಾಕಲು ಯಾರಿಗೂ ಬರುವಂತಿರಲಿಲ್ಲ. ಎಳೆಯಬೇಕಾದದ್ದು ಕಬ್ಬು ತುಂಬಿದ ಒಂದು ಲಾರಿ. ಅದರ ಡ್ರೈವರ್ ಗೇರ್ ಬಿಟ್ಟು, ಬ್ರೇಕಿನ ಗಾಳಿಗಾಗಿ ಎಂಜಿನ್ ಮಾತ್ರ ಚಾಲೂ ಇಟ್ಟುಕೊಂಡು ಸ್ಟೇರಿಂಗ್ ಹಿಡಿದು ಕೂತ. ಅಂಕಲಿಯಿಂದ ಹೊರಟು ಚಿಕ್ಕೋಡಿಯ ಕಡೆ ಏರಬೇಕು. ನಮ್ಮ ಕ್ಯಾಬಿನ್ನಿನಲ್ಲಿ ದಾಜಿ, ನಡುವೆ ಸಾಹೇಬರು, ಕಿಟಕಿಗೆ ನಾನು.

ಸಮ ರಸ್ತೆಯಲ್ಲಿ ದಾಜಿ ಗಾಡಿ ಓಡಿಸಿದ್ದನ್ನು ನೋಡಿ ಸಾಹೇಬರೂ ತಿರುಗಿ ತಿರುಗಿ ರೋಪ್ ನೋಡಿದರು. ರೋಪ್ ಒಮ್ಮೆಯೂ ಸಡಿಲಾಗಲಿಲ್ಲ, ಒಮ್ಮೆಯೂ ಜಗ್ಗಲಿಲ್ಲ. ಏರು ಶುರುವಾಗುವ ಎಷ್ಟೋ ಮೊದಲು ಗೇರ್ ಇಳಿಸಿಕೊಂಡರು. ಎಂಜಿನ್ ತನ್ನ ಕೆಲಸವನ್ನು ಗೊಣಗದೆ ಹಿಡಿಯಿತು. ನಾನು ಮನಸ್ಸಿನಲ್ಲೇ ದೇವರೇ ದೇವರೇ ಎನ್ನುತ್ತಿದ್ದೆ.

ಅರ್ಧ ಏರು ಮುಗಿದಿತ್ತು. ದಾಜಿ ತಲೆಯನ್ನು ಸ್ವಲ್ಪ ಓರೆ ಮಾಡಿ ಎಂಜಿನ್ನಿನ ಸಪ್ಪಳ ಕೇಳಿದರು. ಕನ್ನಡಿ ನೋಡಿದರು, ಹಿಂದಿನ ಲಾರಿಯ ಕಬ್ಬು ಎರಡೂ ಬದಿಗೆ ಚಾಚಿಕೊಂಡಿದ್ದರಿಂದ ಏನೂ ಕಾಣುವಂತಿರಲಿಲ್ಲ.

"ಗಾಡಿ ಹಗುರಾಗೇತಿ," ಎಂದರು. "ಹಿಂದ ಯಾರೋ ಅದಾರ."

ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಮೂವರೂ ಇಳಿದು ಹಿಂದೆ ಹೋದೆವು. ಮೂವತ್ತು ನಲವತ್ತು ಮಂದಿ ಲಾರಿಯ ಬೆನ್ನಿಗೆ ಕೈ ಕೊಟ್ಟು ನೂಕುತ್ತಿದ್ದವರು ನಮ್ಮನ್ನು ಕಂಡು ಹಾಗೆಯೇ ನಿಂತುಬಿಟ್ಟರು. ಟ್ರ್ಯಾಕ್ಟರ್ ಡ್ರೈವರ್‌ಗಳು, ರೈತರು, ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಕ್ಕಳು. ಹೆಚ್ಚಿನವು ನಾನು ಲಾಳಿಕೆ ಹಿಡಿದು ನಿಂತಾಗ ಕಂಡಿದ್ದ ಮುಖಗಳೇ. ಕಾಗವಾಡದ ದ್ರಾಕ್ಷಿಯವನೂ ಬಿಳಿ ಪೈಜಾಮ ಮಣ್ಣು ಮಾಡಿಕೊಂಡು ಅಲ್ಲಿದ್ದ. ಮುಚ್ಚಳಕ್ಕೆ ಮುದ್ರೆ ಬೀಳುತ್ತದೆ ಎಂಬ ಸುದ್ದಿ ಚಹಾದಂಗಡಿಯಿಂದ ಹರಡಿತ್ತು.

"ನೀ ಸುಮ್ನ ಏರ ಮಾಮಾ," ಎಂದ ಒಬ್ಬ ಡ್ರೈವರ್. "ಹಿಂದಿಂದು ನಾವ್ ನೋಡ್ಕೋತೀವಿ."

"ಇವತ್ತ ಗಾಡಿ ಎವರೇಜ್ ನೋಡೂದೈತಿ," ಎಂದರು ದಾಜಿ. "ನಿಮ್ಮ ಎವರೇಜ್ ಅಲ್ಲ."

ಯಾರೋ ಕಿಸಕ್ಕೆಂದರು. ಸಾಹೇಬರ ಮುಖ ಮಾತ್ರ ಗಂಟಾಗಿತ್ತು. ದಾಜಿ ಅವರ ಕಡೆ ತಿರುಗಿ, ಕೆಳಗಿನಿಂದ ಮತ್ತೆ ಏರುತ್ತೇನೆ ಎಂದರು. ಏರನ್ನು ಒಂದೂವರೆ ಸಲ ಏರಿದರೆ ಡೀಸೆಲ್ ಎಲ್ಲಿಗೆ ಹೋದೀತು? ದಾಜಿಯ ತೋಳು ಹಿಡಿದು, "ಇಲ್ಲಿಂದ ಮ್ಯಾಲಿಂದಷ್ಟ ಲೆಕ್ಕಾ ಹಿಡೀರಿ ಅಂತ ಕೇಳೋಣ್ರಿ," ಎಂದೆ. ಅವರು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದರು. ರೋಪ್ ಬಿಚ್ಚಿದರು. ಲಾರಿಯವನು ಬ್ರೇಕಿನ ಮೇಲೆ ಹಿಂದಕ್ಕೆ ಇಳಿದ, ಅವನ ಹಿಂದೆ ನಮ್ಮ ಗಾಡಿ ಇಳಿಯಿತು. ಕೆಳಗೆ ಮತ್ತೆ ರೋಪ್ ಕಟ್ಟಿದರು, ಮತ್ತೆ ಸಡಿಲ ತೆಗೆದರು, ಮತ್ತೆ ಏರಿದರು.

ಈ ಸಲ ಆ ಮಂದಿಯೆಲ್ಲ ರಸ್ತೆಯ ಎರಡೂ ಬದಿಗೆ ನಮ್ಮ ಜೊತೆಜೊತೆಗೇ ನಡೆದುಬಂದರು. ಕೈ ಮುಟ್ಟಿಸಿದ್ದೇವೆ ಎಂದು ಯಾರೂ ಅನ್ನಬಾರದೆಂದು ಎಲ್ಲರೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡಿದ್ದರು. ಗಾಡಿ ತುದಿ ಮುಟ್ಟಿದಾಗ ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಆಚೆ ಮುಖ ಮಾಡಿಕೊಂಡೆ.

ತಿರುಗಿ ಮೊದಲಿನ ಜಾಗಕ್ಕೇ ಬಂದು, ಮುದ್ರೆ ಒಡೆದು, ಸಾಹೇಬರು ತಾವೇ ನಿಂತು ಅಳೆದು ಅಳೆದು ಟ್ಯಾಂಕ್ ತುಂಬಿಸಿದರು. ನಡುವೆ ಹಿಂದಕ್ಕೆ ಇಳಿದು ಮತ್ತೆ ಏರಿದ ದೂರವನ್ನೂ ಹಿಡಿದು ಲೆಕ್ಕ ಹಾಕಿದರು. ಎರಡೂ ಕಾಲು. ಹೊಸ ಗಾಡಿ ಹಿಂದಿನ ದಿನ ಎರಡೂ ಮುಕ್ಕಾಲು ಕೊಟ್ಟಿತ್ತು ಎಂದು ಅವರೇ ಹೇಳಿದರು. ದಾಜಿ ತಲೆಯಾಡಿಸಿ ಗಾಡಿಯ ಕಡೆ ಹೋಗಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಮುಗಿಯಿತು ಎಂದುಕೊಂಡೆ. ನಿಪ್ಪಾಣಿಗೆ ಫೋನ್ ಮಾಡುವ ಕೆಲಸ ಅಕ್ಕ ನನಗೇ ಹಚ್ಚುತ್ತಾಳೆ ಎನಿಸಿತು.

"ಅಲ್ಲಿ ಯಾಕ ಹೋಗಿ ನಿಂತ್ರಿ? ಬರ್ರಿ ಇಲ್ಲೆ," ಎಂದು ಸಾಹೇಬರು ಕರೆದರು. "ನಿನ್ನಿ ಆ ಗಾಡಿ ಇದ ಏರ ಏರಿತು. ಅದ ಮಂದಿ ರಸ್ತಾದಾಗ ಇದ್ರು. ಒಬ್ಬರೂ ನೂಕಾಕ ಬರಲಿಲ್ಲ. ನಾಳಿ ಕಬ್ಬಿನ ಗಾಡಿ ಹೂತಾಗ ಇವ್ರು ಯಾರನ್ನ ಕರೀತಾರ ಅನ್ನೂದು ನಂಗ ಇವತ್ತ ತಿಳೀತು. ಅರ್ಧ ಕಿಲೋಮೀಟರ್ ಹೆಚ್ಚುಕಡಿಮಿ ಕಾರ್ಖಾನಿ ತಡಕೋತೈತಿ. ಚೀಟಿ ನಿಮಗ ಕೊಡತೀನಿ."

ನನಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಅವರು ಪೆನ್ನಿನಿಂದ ನನ್ನನ್ನು ತೋರಿಸಿದರು.

"ಆದರ ದಿನಾ ಡಿಸೇಲ್ ಬರಿಯೂ ವಹಿ ಈ ಮಾಸ್ತರ ಕಡೆ ಬ್ಯಾಡ. ನಮ್ಮ ಕಡಿಂದ ಒಬ್ಬಾಂವನ್ನ ಕೊಡತೀನಿ."

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಲೆ ತಗ್ಗಿಸಿ, ಆಗಲಿ ಎನ್ನಲು ಬಾಯಿ ತೆರೆದೆ. ದಾಜಿ ನನಗಿಂತ ಮೊದಲು ಮಾತಾಡಿದರು.

"ಹಂಗಾದ್ರ ಚೀಟಿ ನಿಮ್ಮ ಕಡೇನ ಇರಲ್ರಿ, ಸಾಹೇಬ್ರ."

ಸಾಹೇಬರಿಗೆ ಕೇಳಿಸಿತೋ ಇಲ್ಲವೋ ಎಂಬಂತೆ ಅವರು ಹುಬ್ಬೇರಿಸಿದರು. ನಾನು ದಾಜಿಯ ಅಂಗಿ ಹಿಡಿದು ಜಗ್ಗಿದೆ. ಅವರು ಅಲುಗಲಿಲ್ಲ.

"ಈ ಮನಷ್ಯಾ ಸುಳ್ಳ ಬರದ ಕೊಟ್ಟಾನ," ಎಂದರು ಸಾಹೇಬರು. "ನೀವ ಬಂದ ಹೇಳಿದ್ರಿ."

"ಹೌದ್ರಿ. ಕೊಸರ ಬಿಟ್ಟ ಬರದಾನ. ಬ್ಯಾರೇದಾಂವ ಏನೇನ ಬಿಡತಾನೋ ನಂಗೇನ್ ಗೊತ್ತ್ರಿ? ಇಂವ ಏನ ಬಿಟ್ಟಾನ, ಯಾಕ ಬಿಟ್ಟಾನ, ಅದ ನಂಗ ಗೊತ್ತೈತಿ. ಇಂವ ಬರದ್ರ ಗಾಡಿ ಓಡಸತೀನ್ರಿ. ಇಲ್ಲಂದ್ರ ಬ್ಯಾಡ್ರಿ."

ಅವರ ಇಡೀ ಗಾಡಿ ಆ ಒಂದು ಮಾತಿನ ಮೇಲೆ ನಿಂತಿತ್ತು. ಇಪ್ಪತ್ತು ವರ್ಷದ ಗಾಡಿ. ಅದನ್ನು ಉಳಿಸಲೆಂದು ನಾನು ಕಳ್ಳತನದಿಂದ ಅಂಕಿ ಮುಚ್ಚಿಟ್ಟಿದ್ದೆ. ನನ್ನ ಮಾನ ಉಳಿಸಲೆಂದು ಅವರು ಹಾಡುಹಗಲು, ಅಷ್ಟು ಮಂದಿಯ ಮುಂದೆ, ಅದನ್ನೇ ಬಿಟ್ಟುಕೊಡಲು ನಿಂತಿದ್ದರು. ಸಾಹೇಬರು ಹೊಸ ವಹಿಯೊಂದನ್ನು ತೆಗೆದು, ಮೊದಲ ಹಾಳೆ ಬಿಡಿಸಿ, ಪೆನ್ನಿನ ಜೊತೆ ನನ್ನ ಕಡೆ ಸರಿಸಿದರು.

"ಬರೀರಿ ಮಾಸ್ತರ. ಇವತ್ತಿಂದು ಎಷ್ಟು?"

ಎರಡೂ ಕಾಲು ಎಂದು ಬರೆಯಬೇಕಿತ್ತು. ಕಣ್ಣಲ್ಲಿ ನೀರು ತುಂಬಿ ಗೆರೆಗಳೇ ಕಾಣದಾದವು. ದಾಜಿ ಪಕ್ಕಕ್ಕೆ ಬಂದು, ಗ್ರೀಸಿನ ಬೆರಳನ್ನು ಹಾಳೆಗೆ ತಾಗದಂತೆ ಹಿಡಿದು, ಎಲ್ಲಿ ಬರೆಯಬೇಕೆಂದು ತೋರಿಸಿದರು. ನಾನು ಅಲ್ಲಿ ಬರೆದೆ.